ತೂಕ ಇಳಿಸುವ ಆಪರೇಷನ್‌ಗಾಗಿ ತೂಕ ಏರಿಸಿಕೊಳ್ಳುತ್ತಿದ್ದ ಅಕ್ಕ

ಮೊದಲೇ ಹೇಳಿಬಿಡುತ್ತೇನೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋಕೆ ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ, ನನ್ನ ಕೌನ್ಸೆಲಿಂಗ್ ಕೋಣೆಯಲ್ಲೂ ಹಾಗೇ ಕರೆಯುತ್ತಿದ್ದೆ.

ಅಕ್ಕನಿಗೆ 38 ವರ್ಷ. ತುಮಕೂರಿನಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಂಡನಿಗೆ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಮೊದಲ ದಿನ ಒಳಗೆ ಬಂದವರು ಪ್ಲಾಸ್ಟಿಕ್ ಕುರ್ಚಿಯ ಬೆನ್ನನ್ನು ಕೈಯಲ್ಲಿ ಒತ್ತಿದರು, ಒಂದು ಸಲ ಅಲ್ಲಾಡಿಸಿ ನೋಡಿದರು, ಆಮೇಲೆ ತುದಿಯಲ್ಲಿ ಕುಳಿತರು. ನಾನು ನೋಡುತ್ತಿದ್ದೇನೆ ಅಂತ ಗೊತ್ತಾಗಿ ತಲೆ ತಗ್ಗಿಸಿದರು. ನೆಂಟರ ಮನೆಯಲ್ಲಿ, ಮದುವೆ ಛತ್ರದಲ್ಲಿ, ಮಕ್ಕಳ ಸ್ಕೂಲಿನಲ್ಲಿ, ಎಷ್ಟು ವರ್ಷದಿಂದ ಹೀಗೆ ಕುರ್ಚಿ ಪರೀಕ್ಷೆ ಮಾಡಿಯೇ ಕೂರುತ್ತಿದ್ದಾರೋ ಅಂತ ನೆನೆದರೆ ಈಗಲೂ ಕರುಳು ಚುರ್ ಅನ್ನುತ್ತದೆ. ಮಾರನೇ ವಾರ ಆ ಕುರ್ಚಿ ತೆಗೆಸಿ ಗಟ್ಟಿ ಮರದ ಬೆಂಚು ಹಾಕಿಸಿದೆ.

ಬಂದ ಕಾರಣ ಒಂದೇ ಸಾಲಿನದು. "ಆಪರೇಷನ್‌ಗೆ ಮನಸ್ಸಿನ ಪರೀಕ್ಷೆಯ ಲೆಟರ್ ಬೇಕಂತೆ ಮೇಡಂ." ಬೆಂಗಳೂರಿನ ಸರ್ಜನ್ ಕಳಿಸಿದ್ದರು. ನಾನು ಪ್ರಶ್ನೆ ಮುಗಿಸೋ ಮೊದಲೇ ಉತ್ತರ ಬರುತ್ತಿತ್ತು, ಎಲ್ಲಾ ಬಾಯಿಪಾಠ. ರಾತ್ರಿ ಎಂಟಕ್ಕೆ ಊಟ ಮುಗಿಸ್ತೀನಿ. ಸಿಹಿ ಮುಟ್ಟಲ್ಲ. ದಿನಾ ವಾಕಿಂಗ್. ಮನೇಲಿ ಎಲ್ಲರೂ ಒಪ್ಪಿದ್ದಾರೆ.

ಫೈಲ್ ತಿರುವಿದೆ. ಎತ್ತರ 156 ಸೆಂಟಿಮೀಟರ್. ಮೂರು ವಾರದ ಹಿಂದೆ ಬೆಂಗಳೂರಿನಲ್ಲಿ ತೂಕ 95 ಕೆಜಿ. ನಮ್ಮ ಮಷಿನ್ ಮೇಲೆ ನಿಂತರೆ 96.4. "ಅಕ್ಕ, ಸಿಹಿ ಮುಟ್ಟದೆ ಇಷ್ಟು ಬೇಗ ಹೇಗೆ ಏರಿತು?" ಅಂತ ಮೆತ್ತಗೆ ಕೇಳಿದೆ ಅಷ್ಟೇ. ಅತ್ತುಬಿಟ್ಟರು.

ಪರಿಚಯದವರು ಯಾರೋ ಹೇಳಿದ್ದರಂತೆ, ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 40 ಇದ್ದರೆ ಮಾತ್ರ ಇನ್ಶೂರೆನ್ಸ್‌ನವರು ದುಡ್ಡು ಕೊಡೋದು, ನಿನ್ನದು 39, ಇನ್ನೊಂದು ಎರಡೂವರೆ ಕೆಜಿ ಏರಿಸಿಕೋ ಸಾಕು ಅಂತ. ಅವತ್ತಿಂದ ಸಂಜೆ ಬೇಕರಿಯಿಂದ ಹನಿ ಕೇಕ್, ಬೆಣ್ಣೆ ಬಿಸ್ಕತ್ತು. ಶುಗರ್ ಮಾತ್ರೆ ನುಂಗಿ ಅದರ ಮೇಲೆ ಕೇಕ್. ಮೂರು ತಿಂಗಳ ಶುಗರಿನ ಸರಾಸರಿ ತೋರಿಸುವ ಎಚ್‌ಬಿಎ1ಸಿ ಆಗಲೇ 9.4 ಇತ್ತು. 7ರ ಒಳಗೆ ಇರಲಿ ಅಂತ ಹೆಚ್ಚಿನವರಿಗೆ ಡಾಕ್ಟರ್ ಹೇಳುವುದು.

ಇದನ್ನು ಬಿಡಿಸಿ ಹೇಳಲೇಬೇಕು. ಆಪರೇಷನ್ ಬೇಕಾ ಅನ್ನೋದು ವೈದ್ಯರ ಅಳತೆ, ದುಡ್ಡು ಕೊಡ್ತೀವಾ ಅನ್ನೋದು ವಿಮೆಯವರ ಅಳತೆ. ಎರಡೂ ಬೇರೆ ಬೇರೆ. ವೈದ್ಯರ ಹಳೆಯ ಅಳತೆ 1991ರದ್ದು, 40, ಇಲ್ಲವೇ ಜೊತೆಗೆ ಕಾಯಿಲೆ ಇದ್ದರೆ 35. 2022ರಲ್ಲಿ ಬೊಜ್ಜಿನ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಗಳು ಅದನ್ನು ಬದಲಿಸಿದವು. 35 ದಾಟಿದರೆ ಬೇರೆ ಕಾಯಿಲೆ ಇಲ್ಲದಿದ್ದರೂ ಸಲಹೆ ಕೊಡಬಹುದು, ಶುಗರ್ ಇದ್ದರೆ 30ಕ್ಕೇ ಯೋಚಿಸಬಹುದು, ಏಷ್ಯಾದ ಮೈಕಟ್ಟಿನವರಿಗೆ 27.5ರಿಂದಲೇ ಯೋಚಿಸಬಹುದು ಅಂದವು. ನಮ್ಮಂಥವರಿಗೆ ಕಡಿಮೆ ತೂಕಕ್ಕೇ ಶುಗರ್, ಹೃದಯದ ತೊಂದರೆ ಶುರುವಾಗುತ್ತದೆ, ಅದಕ್ಕೆ. ಅಂದರೆ ಅಕ್ಕ 39ರಲ್ಲೇ ಈ ಆಪರೇಷನ್‌ಗೆ ಅರ್ಹರು, ಒಂದು ತುಂಡು ಕೇಕ್ ಕೂಡ ಬೇಕಿರಲಿಲ್ಲ.

ವಿಮೆಯ ಅಳತೆ ಬಿಗಿ. ವಿಮಾ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಗೊತ್ತುಮಾಡಿದ ಮಾತಿನ ಪ್ರಕಾರ 40, ಇಲ್ಲವೇ 35ರ ಜೊತೆಗೆ ನಾಲ್ಕರಲ್ಲಿ ಒಂದು ಗಂಭೀರ ತೊಂದರೆ ಇರಬೇಕು. ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರೋದು), ಹತೋಟಿಗೆ ಬಾರದ ಟೈಪ್ 2 ಶುಗರ್. ಈ ಎರಡನೇ ದಾರಿಯಲ್ಲಿ ಹೋಗುವವರು ಬೇರೆ ದಾರಿಯಲ್ಲಿ ತೂಕ ಇಳಿಸೋಕೆ ನೋಡಿ ಆಗಲಿಲ್ಲ ಅನ್ನೋದಕ್ಕೂ ದಾಖಲೆ ತೋರಿಸಬೇಕು. ಇಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳೋದು. ಪಥ್ಯ ಮಾಡಿರುತ್ತಾರೆ, ಜಿಮ್‌ಗೆ ದುಡ್ಡು ಕಟ್ಟಿರುತ್ತಾರೆ, ಚೀಟಿ ಒಂದೂ ಇರಲ್ಲ. ಅಕ್ಕನಿಗೆ ಕೊಟ್ಟ ಮೊದಲ ಸಲಹೆ ಇದೇ. ಕೇಕ್ ಇವತ್ತೇ ನಿಲ್ಲಿಸಿ. ಹಳೆಯ ಡಾಕ್ಟರ್ ಚೀಟಿ, ಡಯಟ್ ಚಾರ್ಟ್, ಜಿಮ್ ರಸೀದಿ ಎಲ್ಲ ಹುಡುಕಿ ತನ್ನಿ. ಗಂಡನ ಕಂಪನಿಯ ಪಾಲಿಸಿ ಕಾಗದವನ್ನು ಎಚ್‌ಆರ್ ಹತ್ತಿರ ಕೇಳಿ ಓದಿಸಿ. ಗೊರಕೆಯ ಬಗ್ಗೆ ಸರ್ಜನ್‌ಗೆ ಹೇಳಿ.

ಗೊರಕೆ ವಿಷಯ ಗಂಡನಿಂದ ಗೊತ್ತಾಗಿದ್ದು. "ನಡುವೆ ಉಸಿರೇ ನಿಂತಂಗಾಗುತ್ತೆ ಮೇಡಂ, ನಾನು ಅಲ್ಲಾಡಿಸಿ ಎಬ್ಬಿಸ್ತೀನಿ" ಅಂದರು. ಹೊಲಿಗೆ ಮಷಿನ್ ಮುಂದೆ ಕೂತಲ್ಲೇ ಅಕ್ಕ ತೂಕಡಿಸುತ್ತಿದ್ದರಂತೆ, ಮನೆಯವರು ಸೋಮಾರಿತನ ಅಂದುಕೊಂಡಿದ್ದರು. ನಿದ್ದೆಯ ಪರೀಕ್ಷೆ ಮಾಡಿಸಿದಾಗ ತೀವ್ರ ಆಪ್ನಿಯಾ ಅಂತ ಬಂತು. ಆಪರೇಷನ್‌ಗೂ ಮುಂಚೆಯೇ ರಾತ್ರಿ ಸಿಪ್ಯಾಪ್ ಮಾಸ್ಕ್, ಅಂದರೆ ಗಾಳಿಯ ಒತ್ತಡದಿಂದ ಉಸಿರಿನ ದಾರಿ ತೆರೆದಿಡುವ ಮಾಸ್ಕ್, ಶುರುವಾಯಿತು. ಇದನ್ನು ಮುಚ್ಚಿಟ್ಟು ಅನಸ್ತೇಷಿಯಾ ತಗೊಳ್ಳೋದು ತುಂಬ ಅಪಾಯ.

ಎರಡನೇ ಭೇಟಿಗೆ ನಾನೇ ಹೇಳಿದೆ. "ಇದು ಎಸ್ಸೆಸ್ಸೆಲ್ಸಿ ಅಲ್ಲ ಅಕ್ಕ. ಫೇಲ್ ಮಾಡೋಕೆ ನಾನು ಕೂತಿಲ್ಲ. ನಿಮ್ಮ ನಿಜ ಗೊತ್ತಿದ್ದರೆ ಆಪರೇಷನ್ ಆದಮೇಲೆ ಎಲ್ಲಿ ಎಡವುತ್ತೀರಿ ಅಂತ ಈಗಲೇ ಹೇಳಬಹುದು." ಸ್ವಲ್ಪ ಹೊತ್ತು ಸೆರಗಿನ ಅಂಚು ಮಡಚುತ್ತಾ ಕೂತಿದ್ದರು. ಆಮೇಲೆ ರಾತ್ರಿಯ ವಿಷಯ ಬಂತು.

ಎಲ್ಲರೂ ಮಲಗಿದ ಮೇಲೆ, ಹನ್ನೊಂದೂವರೆ ಹೊತ್ತಿಗೆ, ಅಡುಗೆಮನೆಗೆ ಹೋಗುತ್ತಾರೆ. ಲೈಟ್ ಹಾಕಲ್ಲ. ಫ್ರಿಜ್ಜಿನ ಬೆಳಕಿನಲ್ಲಿ ನಿಂತೇ ತಿನ್ನುತ್ತಾರೆ, ಉಳಿದ ಅನ್ನ, ತಣ್ಣಗಿನ ಸಾರು, ಮಕ್ಕಳ ಡಬ್ಬಿಯ ನಿಪ್ಪಟ್ಟು, ಏನು ಸಿಕ್ಕರೆ ಅದು. ಹೊಟ್ಟೆ ನೋಯುವವರೆಗೂ ನಿಲ್ಲಿಸೋಕೆ ಆಗಲ್ಲ. ಪಾತ್ರೆ ಸದ್ದಾಗದ ಹಾಗೆ ತೊಳೆದಿಟ್ಟು ಬಂದು ಮಲಗುತ್ತಾರೆ. ತಾಯಿ ತೀರಿಕೊಂಡ ವರ್ಷದಿಂದ ಹೀಗೆ. ವಾರಕ್ಕೆ ನಾಲ್ಕೈದು ಸಲ. ಯಾರಿಗೂ ಹೇಳಿರಲಿಲ್ಲ.

ಇದು ಬಾಯಿಚಪಲ ಅಲ್ಲ, ಚಿಕಿತ್ಸೆ ಇರುವ ಕಾಯಿಲೆ, ಬಿಂಜ್ ಈಟಿಂಗ್ ಅಂತಾರೆ. ಇದ್ದರೆ ಆಪರೇಷನ್ ಮಾಡಲೇಬಾರದು ಅಂತ ಏನಿಲ್ಲ. ಆದರೆ ಹಾಗೇ ಬಿಟ್ಟು ಹೋದರೆ ಹೊಟ್ಟೆ ಚಿಕ್ಕದಾಗುತ್ತದೆ, ಹನ್ನೊಂದೂವರೆ ಹಾಗೇ ಉಳಿಯುತ್ತದೆ. ಲೆಟರ್ ಮೂರು ತಿಂಗಳು ತಡ ಮಾಡೋಣ ಅಂದೆ. ಅವರಿಗೆ ಕೋಪ ಬಂತು, ಬರಬೇಕಾದ್ದೇ. ಆದರೂ ಒಪ್ಪಿದರು.

ಮಾಡಿದ ಕೆಲಸ ಸರಳವಾದದ್ದು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಏನು, ಎಷ್ಟು ಗಂಟೆಗೆ, ಆಗ ಮನಸ್ಸಿನಲ್ಲಿ ಏನಿತ್ತು ಅಂತ ಬರೆದರು. ಒಂದು ವಾರಕ್ಕೇ ಕಂಡಿತು. ಬೆಳಗ್ಗೆ ಬರೀ ಕಾಫಿ, ಮಧ್ಯಾಹ್ನ ಎರಡೂವರೆಗೆ ಊಟ, "ದಪ್ಪ ಇದ್ದೀನಲ್ಲ" ಅಂತ ರಾತ್ರಿ ಅರ್ಧ ಹೊಟ್ಟೆ. ಇಡೀ ದಿನ ಹಸಿದ ಮೈ ರಾತ್ರಿ ಸಾಲ ವಸೂಲಿ ಮಾಡುತ್ತಿತ್ತು. ಮೂರ್ನಾಲ್ಕು ಗಂಟೆಗೊಮ್ಮೆ ಹೊತ್ತಿಗೆ ಸರಿಯಾಗಿ ತಿನ್ನಿ, ತಿಂಡಿ ಮಾತ್ರ ತಪ್ಪಿಸಲೇಬೇಡಿ ಅಂದೆ. ರಾತ್ರಿ ತಿನ್ನಬೇಕು ಅನಿಸಿದರೆ ತಿನ್ನಿ, ಆದರೆ ಲೈಟ್ ಹಾಕಿ, ತಟ್ಟೆಯಲ್ಲಿ ಬಡಿಸಿಕೊಂಡು, ಕೂತು ತಿನ್ನಿ. ಮನೋವೈದ್ಯರನ್ನೂ ನೋಡಿದರು. ತಾಯಿಯ ಬಗ್ಗೆ ನಾವು ಮಾತಾಡಿದ್ದು ಬೇರೆಯದೇ ಕಥೆ, ಅದು ಇಲ್ಲಿ ಬೇಡ. ಹತ್ತನೇ ವಾರ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ರಾತ್ರಿಯ ಗುರುತಿತ್ತು. ಪಕ್ಕದಲ್ಲಿ "ಲೈಟ್ ಹಾಕಿದ್ದೆ" ಅಂತ ಬರೆದಿದ್ದರು.

ಅತ್ತೆಯನ್ನೂ ಕರೆಸಿದೆ. "ಬಾಯಿ ಕಟ್ಟಿದರೆ ಆಯಿತು, ಹೊಟ್ಟೆ ಕೊಯ್ಯಿಸಿಕೊಳ್ಳೋದು ಯಾಕೆ?" ಅನ್ನೋದು ಅವರ ವಾದ. ಸ್ಲೀವ್ ಆಪರೇಷನ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯುತ್ತಾರೆ, ಜೊತೆಗೆ ಹಸಿವಿನ ಹಾರ್ಮೋನೂ ಇಳಿಯುತ್ತದೆ, ಇಷ್ಟು ವರ್ಷ ನಿಮ್ಮ ಸೊಸೆ ಸೋತಿದ್ದು ಆ ಹಸಿವಿನ ಮುಂದೆ ಅಂತ ವಿವರಿಸಿದೆ. ಅವರಿಗೆ ನಿಜವಾಗಿ ಇದ್ದ ಚಿಂತೆ ಬೇರೆ. "ಮುದ್ದೆ ತಿನ್ನಬಹುದಾ?"

ಒಳ್ಳೆಯ ಪ್ರಶ್ನೆ. ನಮ್ಮ ಕಡೆ ಮುದ್ದೆ ಅಗಿಯೋದಿಲ್ಲ, ಸಾರಲ್ಲಿ ಅದ್ದಿ ನುಂಗೋದು. ಆಪರೇಷನ್ ಆದವರು ಪ್ರತಿ ತುತ್ತನ್ನೂ ನೀರಾಗುವ ಹಾಗೆ ಅಗಿಯಬೇಕು, ಇಲ್ಲದಿದ್ದರೆ ಎದೆಯಲ್ಲಿ ಸಿಕ್ಕಿಕೊಂಡು ವಾಂತಿಯಾಗುತ್ತದೆ. ಹುಟ್ಟಿದಾಗಿನಿಂದ ನುಂಗಿ ಅಭ್ಯಾಸ ಆದವರಿಗೆ ಇದು ಸಣ್ಣ ಮಾತಲ್ಲ. ಮೊದಲ ಕೆಲವು ವಾರ ನೀರಾದ ಆಹಾರ, ಆಮೇಲೆ ಮೆತ್ತಗಿನದು, ಮುದ್ದೆಯ ಮಾತು ಡಯಟಿಷಿಯನ್ ಹೇಳಿದ ಮೇಲೆ, ಅಲ್ಲಿವರೆಗೆ ತೆಳ್ಳಗಿನ ರಾಗಿ ಗಂಜಿ ಅಂತ ಬರೆದುಕೊಟ್ಟೆ. ಅಕ್ಕ ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಒಂದು ಇಡ್ಲಿಯನ್ನು 20 ನಿಮಿಷ ತಿನ್ನೋದನ್ನು ಕಲಿತರು. ಊಟದ ಜೊತೆ ನೀರು ಕುಡಿಯೋದನ್ನು ಬಿಟ್ಟರು.

ಫೋನಿನಲ್ಲಿ ಮದುವೆಯ ಫೋಟೋ ತೋರಿಸಿ, 52 ಕೆಜಿ ಇದ್ದೆ, ಹಾಗೇ ಆಗ್ತೀನಾ ಅಂತ ಕೇಳಿದ್ದರು. ಇಲ್ಲ ಅಂದೆ. ಸ್ಲೀವ್‌ನಲ್ಲಿ ಸಾಮಾನ್ಯವಾಗಿ ಒಟ್ಟು ತೂಕದ ಕಾಲು ಭಾಗದಷ್ಟು ಇಳಿಯುತ್ತದೆ, ಅಂದರೆ ಸುಮಾರು 70, ಸ್ವಲ್ಪ ಹೆಚ್ಚು ಕಡಿಮೆ, ಕೆಲವರಿಗೆ ವರ್ಷಗಳ ಮೇಲೆ ಸ್ವಲ್ಪ ವಾಪಸ್ ಬರುತ್ತದೆ. ಬೇಸರವಾಯಿತು. ಆದರೆ ಬೇಸರ ಮೊದಲೇ ಆಗಲಿ.

ಇನ್ನು ಇತರರಿಗೂ ಬೇಕಾಗುವ ಮಾತು. ಬೀಡಿ, ಸಿಗರೇಟು, ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು ವಾರಗಳ ಮುಂಚೆಯೇ ಬಿಡಬೇಕು, ಇಲ್ಲದಿದ್ದರೆ ಗಾಯ ಬೇಗ ಮಾಯಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು ಆಪರೇಷನ್ ಆಗಿ 12ರಿಂದ 18 ತಿಂಗಳು ಗರ್ಭ ಮುಂದೂಡಬೇಕು. ಕೊನೆಯ ಎರಡು ವಾರದ ಪಥ್ಯದಲ್ಲಿ ಮೋಸ ಮಾಡಬೇಡಿ, ಕೊಬ್ಬು ತುಂಬಿದ ಲಿವರ್ ಜಠರದ ಮೇಲೆ ಕೂತಿರುತ್ತದೆ, ಅದು ಕುಗ್ಗಿದರೇನೇ ಸರ್ಜನ್‌ಗೆ ಜಾಗ.

ಮೂರು ತಿಂಗಳಿಗೆ ಲೆಟರ್ ಬರೆದೆ, ರಾತ್ರಿಯ ವಿಷಯ, ಅದಕ್ಕೆ ಆದ ಚಿಕಿತ್ಸೆ ಎರಡನ್ನೂ ಅದರಲ್ಲಿ ಇಟ್ಟೆ, ಅವರಿಗೆ ಓದಿ ಹೇಳಿಯೇ ಕಳಿಸಿದೆ. ಆಪ್ನಿಯಾ, ಶುಗರ್‌ಗಳ ಆಧಾರದ ಮೇಲೆ ಕ್ಲೇಮ್ ಪಾಸಾಯಿತು.

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ ಫೋನ್ ಬಂತು. ಕೂದಲು ಹಿಡಿ ಹಿಡಿ ಉದುರುತ್ತಿದೆ ಅಂತ ಗಾಬರಿ. ಈ ಹೊತ್ತಿಗೆ ಹಲವರಿಗೆ ಉದುರುತ್ತದೆ, ಸಾಮಾನ್ಯವಾಗಿ ಮತ್ತೆ ಬರುತ್ತದೆ ಅಂದೆ. ಪ್ರೋಟೀನ್ ದಿನಕ್ಕೆ 60 ಗ್ರಾಂ ಆಗ್ತಿದೆಯಾ ಅಂತ ಕೇಳಿದರೆ, ಪೌಡರ್ ರುಚಿ ಸೇರಲ್ಲ, ಬಿಟ್ಟು ಹದಿನೈದು ದಿನ ಆಯಿತು ಅಂದರು. ಕೇಳದೇ ಇದ್ದದ್ದನ್ನೂ ಅವರೇ ಹೇಳಿದರು, ಬಿ12 ಮಾತ್ರೆಯೂ ಮುಗಿದಿದೆ, ತಂದಿಲ್ಲ. ಅವತ್ತೇ ತರಿಸಿ ಅಂದೆ. ಡಯಟಿಷಿಯನ್‌ಗೆ ನಾನೇ ಫೋನ್ ಮಾಡಿದೆ, ಮಜ್ಜಿಗೆಯಲ್ಲಿ ಕಲಸಿ ಕುಡಿಯೋ ಬೇರೆ ಪೌಡರ್ ಹೇಳಿದ್ದಾರೆ, ಬೇಳೆ ಕಟ್ಟು, ಮೊಟ್ಟೆಯ ಲೆಕ್ಕ ಕೊಟ್ಟಿದ್ದಾರೆ. ರಕ್ತಪರೀಕ್ಷೆ ಮುಂದಿನ ಗುರುವಾರ.