ರಾಜ್ಯಪಾಲರ ‘ಇಚ್ಛೆ’ ಅಂದರೆ ಎಷ್ಟು?

ಸರ್ಕಾರ ಸ್ವಲ್ಪ ಅಲುಗಾಡಿದರೆ ಸಾಕು, ನನಗೆ ಬರುವ ಪತ್ರಗಳೆಲ್ಲ ರಾಜ್ಯಪಾಲರ ಮೇಲೆಯೇ. ಪ್ರಶ್ನೆಗಳು ಮಾತ್ರ ಪ್ರತಿ ಸಲ ಅವೇ. ಅದಕ್ಕೇ ಈ ಬಾರಿ ಉತ್ತರಿಸಿ ಮುಗಿಸುತ್ತೇನೆ.

ಪ್ರಶ್ನೆ: ರಾಜ್ಯಪಾಲರ ಇಚ್ಛೆ ಇರುವವರೆಗೆ ಮಾತ್ರ ಮಂತ್ರಿಗಳು ಅಂತ ಸಂವಿಧಾನದ 164ನೇ ವಿಧಿಯಲ್ಲೇ ಇದೆ. ಹಾಗಾದರೆ ಬೇಕೆಂದಾಗ ಸರ್ಕಾರವನ್ನು ಕಿತ್ತುಹಾಕಬಹುದು ಅಲ್ವಾ ಸಾರ್?

ಉತ್ತರ: ಇಲ್ಲ. ಈ ಸಾಲನ್ನು ವಾಟ್ಸಾಪ್‌ನಲ್ಲಿ ಹಂಚುವ ಪಂಡಿತರು ಅದೇ ವಿಧಿಯ ಮುಂದಿನ ಭಾಗವನ್ನು ಓದುವುದೇ ಇಲ್ಲ. ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ ಎಂದು ಅಲ್ಲಿದೆ. ಸದನದಲ್ಲಿ ಬಹುಮತ ಇರುವ ತನಕ ಈ ‘ಇಚ್ಛೆ’ಗೆ ಕೆಲಸವಿಲ್ಲ.

ಇದನ್ನು ದೇಶಕ್ಕೆಲ್ಲ ಕಲಿಸಿದ್ದು ನಮ್ಮ ರಾಜ್ಯದ್ದೇ ಕೇಸು. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ, ಪಿ. ವೆಂಕಟಸುಬ್ಬಯ್ಯ ರಾಜ್ಯಪಾಲರು. ಬೆಂಬಲ ವಾಪಸ್ ಎಂದು 19 ಶಾಸಕರ ಪತ್ರಗಳು ರಾಜಭವನ ಸೇರಿದವು. ಸರ್ಕಾರಕ್ಕೆ ಬಹುಮತ ಹೋಗಿದೆ ಎಂದು ದಿಲ್ಲಿಗೆ ವರದಿ ಹೋಯಿತು. ಅಷ್ಟರಲ್ಲಿ ಅವರಲ್ಲೇ 7 ಮಂದಿ ‘ನಮ್ಮ ಸಹಿ ಸುಳ್ಳು ಹೇಳಿ ಪಡೆದದ್ದು’ ಎಂದು ತಿರುಗಿ ನಿಂತರು. ಬೇಕಾದರೆ ಅಧಿವೇಶನ ಬೇಗ ಕರೆಯೋಣ, ಅಲ್ಲೇ ತೋರಿಸುತ್ತೇನೆ ಎಂದರು ಬೊಮ್ಮಾಯಿ. ಆ ಮಾತು ನಡೆಯಲಿಲ್ಲ. 21ಕ್ಕೆ ರಾಷ್ಟ್ರಪತಿ ಆಡಳಿತ ಬಂತು.

ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಅದು ತಪ್ಪು ಎಂದು ಹೇಳಿತು. ಬಹುಮತ ಇದೆಯೋ ಇಲ್ಲವೋ ಎಂದು ನೋಡಬೇಕಾದ್ದು ಸದನದಲ್ಲಿ, ರಾಜ್ಯಪಾಲರ ಸ್ವಂತ ಲೆಕ್ಕದಲ್ಲಿ ಅಲ್ಲ. ಆದರೆ ತೀರ್ಪು ಬಂದದ್ದು 1994ರ ಮಾರ್ಚ್ 11ಕ್ಕೆ! ಅಷ್ಟು ಹೊತ್ತಿಗೆ ಚುನಾವಣೆ ಮುಗಿದು ಬೇರೆ ಸರ್ಕಾರ ಬಂದು ವರ್ಷಗಳಾಗಿದ್ದವು. ಬೊಮ್ಮಾಯಿ ಕೇಸು ಗೆದ್ದರು, ಕುರ್ಚಿ ಸಿಗಲಿಲ್ಲ. ಹಾಗಾಗಿ ‘ಕೋರ್ಟ್ ಇದೆಯಲ್ಲ’ ಎನ್ನುವವರಿಗೆ ನಾನು ಸ್ವಲ್ಪ ತಡೆಯಿರಿ ಅನ್ನುತ್ತೇನೆ.

ರಾಜ್ಯಪಾಲರ ನಿಜವಾದ ತೂಕ ಗೊತ್ತಾಗುವುದು ಯಾರಿಗೂ ಬಹುಮತ ಬಾರದಿದ್ದಾಗ. ಮೊದಲು ಯಾರನ್ನು ಕರೆಯಬೇಕು, ಎಷ್ಟು ದಿನ ಕೊಡಬೇಕು ಎನ್ನುವುದು ಅವರ ಕೈಯಲ್ಲಿರುತ್ತದೆ. 2018ರಲ್ಲಿ 104 ಸ್ಥಾನ ಗೆದ್ದ ಬಿಜೆಪಿಯನ್ನು ಆಗಿನ ರಾಜ್ಯಪಾಲ ವಜುಭಾಯಿ ವಾಲಾ ಕರೆದರು, ಬಹುಮತ ತೋರಿಸಲು 15 ದಿನ ಕೊಟ್ಟರು. ಕಾಂಗ್ರೆಸ್ ಮತ್ತು ಜೆಡಿಎಸ್ ಆಗಲೇ ಕೈಜೋಡಿಸಿದ್ದವು. ಸುಪ್ರೀಂ ಕೋರ್ಟ್ ಮಧ್ಯರಾತ್ರಿ ಕೂತು ಕೇಳಿತು, ಆಮೇಲೆ ಆ 15 ದಿನವನ್ನು ಮೊಟಕು ಮಾಡಿ ಮೇ 19ಕ್ಕೇ ವಿಶ್ವಾಸಮತ ಎಂದಿತು. ಯಡಿಯೂರಪ್ಪ ಮತಕ್ಕೆ ಮುಂಚೆಯೇ ರಾಜೀನಾಮೆ ಕೊಟ್ಟರು. ಆ ಹದಿನೈದು ದಿನ ಹಾಗೇ ಉಳಿದಿದ್ದರೆ ಶಾಸಕರು ಎಷ್ಟು ರೆಸಾರ್ಟ್ ಸುತ್ತುತ್ತಿದ್ದರೋ!

ಪ್ರಶ್ನೆ: ರಾಜ್ಯಪಾಲರು ಮೂರು ತಿಂಗಳು ಸಹಿ ಹಾಕದಿದ್ದರೆ ಮಸೂದೆ ತಾನಾಗಿಯೇ ಕಾಯ್ದೆ ಆಗುತ್ತದಂತೆ?

ಉತ್ತರ: ಹಳೇ ವಿಡಿಯೊ ನೋಡಿದ್ದೀರಿ. ರಾಜ್ಯಪಾಲರು ಮಸೂದೆ ತಡೆದಿಟ್ಟ ತಮಿಳುನಾಡಿನ ಕೇಸಿನಲ್ಲಿ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಗಡುವು ಹಾಕಿದ್ದು ನಿಜ. ನವೆಂಬರ್‌ನಲ್ಲಿ ಐವರ ಪೀಠ, ಕೋರ್ಟು ಹಾಗೆ ಗಡುವು ಹಾಕುವಂತಿಲ್ಲ, ಸಹಿ ಆಯಿತು ಎಂದು ಭಾವಿಸುವಂತೆಯೂ ಇಲ್ಲ ಎಂದಿತು. ಹಾಗಂತ ಕಾರಣ ಹೇಳದೆ ಸುಮ್ನೆ ಇಟ್ಟುಕೊಂಡು ಕೂರುವಂತಿಲ್ಲ. ಅಂಥಾ ವಿಳಂಬವನ್ನು ಕೋರ್ಟು ಪ್ರಶ್ನಿಸಬಹುದು.

ಪ್ರಶ್ನೆ: ರಾಜ್ಯಪಾಲರಿಗೆ 5 ವರ್ಷ ಗ್ಯಾರಂಟಿಯೇ?

ಉತ್ತರ: ಇಲ್ಲ. ಅವರೂ ರಾಷ್ಟ್ರಪತಿಯ ‘ಇಚ್ಛೆ’ ಇರುವ ತನಕ ಮಾತ್ರ.

ಪ್ರಶ್ನೆ: ನನ್ನ ವರ್ಗಾವಣೆ ಆದೇಶದ ಕೊನೆಗೆ ‘ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ’ ಎಂದಿದೆ. ಅವರನ್ನೇ ಕಂಡು ರದ್ದು ಮಾಡಿಸಬಹುದಾ? ಒಬ್ಬರು ‘ಒಳಗೆ ನಮ್ಮ ಜನ ಇದ್ದಾರೆ’ ಎಂದು ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಸರ್ಕಾರಿ ಆದೇಶಗಳು ಹೊರಡುವುದೇ ಆ ಹೆಸರಿನಲ್ಲಿ. ನಿಮ್ಮ ಕಾಗದವನ್ನು ಅವರು ನೋಡಿಯೂ ಇರುವುದಿಲ್ಲ. ಇಲಾಖೆಗೆ ಮನವಿ ಕೊಡಿ, ಅಲ್ಲಿ ಆಗದಿದ್ದರೆ ಕೆಎಟಿಗೆ, ಅಂದರೆ ಸರ್ಕಾರಿ ನೌಕರರ ತಕರಾರು ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ ಹೋಗಿ. ದುಡ್ಡು ಕೇಳಿದವರ ನಂಬರನ್ನು ಪೊಲೀಸರಿಗೆ ಕೊಡಿ, ನನಗೆ ಕಳಿಸಬೇಡಿ.