ಮಗು ಪಾಠವನ್ನು ಅರ್ಥ ಮಾಡಿಕೊಂಡಿದೆಯೋ ಬಾಯಿಪಾಠ ಮಾಡಿದೆಯೋ ಎಂದು ಶಿಕ್ಷಕರಿಗೆ ಹೇಗೆ ಗೊತ್ತಾಗುತ್ತದೆ?

ಪುಸ್ತಕದಲ್ಲಿಲ್ಲದ ಸನ್ನಿವೇಶವೊಂದನ್ನು ಕೊಟ್ಟು, ಬಂದ ಉತ್ತರಕ್ಕೆ 'ಯಾಕೆ?' ಎಂದು ಕೇಳಿದಾಗ ಗೊತ್ತಾಗುತ್ತದೆ. ಬಾಯಿಪಾಠದ ಉತ್ತರ ನೆನಪಾಗಬೇಕಾದರೆ ಪರಿಚಿತ ಪ್ರಶ್ನೆಯೇ ಬೇಕು. ಪ್ರಶ್ನೆಯ ರೂಪ ಬದಲಾದರೆ ನೆನಪಿನ ಆಸರೆ ತಪ್ಪುತ್ತದೆ. ವಿಷಯದೊಳಗಿನ ಸಂಬಂಧ ತಿಳಿದವರು ಮಾತ್ರ ಮುಂದುವರಿಯಬಲ್ಲರು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ನಾನು ಕೇಳುವುದು ಹೀಗೆ: ಎರಡು ಅಡಿಕೆ ತೋಟಗಳಿಗೆ ತಲಾ 400 ಮೀಟರ್ ಬೇಲಿ ಬೇಕು. ಹಾಗಾದರೆ ಎರಡರ ವಿಸ್ತೀರ್ಣವೂ ಒಂದೇ ಅಲ್ಲವೇ? ಸೂತ್ರಗಳನ್ನು ತಪ್ಪಿಲ್ಲದೆ ಬರೆಯುವವರೂ 'ಹೌದು ಟೀಚರ್' ಎನ್ನುವುದುಂಟು. ಆದರೆ ನಾಲ್ಕೂ ಬದಿ 100 ಮೀಟರ್ ಇರುವ ತೋಟದ ವಿಸ್ತೀರ್ಣ 10,000 ಚದರ ಮೀಟರ್. 150 ಮೀಟರ್ ಉದ್ದ, 50 ಮೀಟರ್ ಅಗಲದ್ದು ಬರೀ 7,500. ಸುತ್ತಳತೆ, ವಿಸ್ತೀರ್ಣ ಎರಡೂ ಮನಸ್ಸಿನಲ್ಲಿ ಬೆರೆತುಹೋಗಿವೆ ಎಂಬುದನ್ನು ಆ 'ಹೌದು' ತೋರಿಸುತ್ತದೆ. ಮುಂದೆ ಎಲ್ಲಿಂದ ಕಲಿಸಬೇಕೆಂದೂ ತಿಳಿಯುತ್ತದೆ. ಬರೀ ಅಂಕ ಇದನ್ನು ಹೇಳುವುದಿಲ್ಲ.

ನಮ್ಮ ಕಡೆ ಇನ್ನೊಂದು ಎಚ್ಚರ ಅಗತ್ಯ. ಮನೆಯಲ್ಲಿ ತುಳು, ಮಲಯಾಳ ಅಥವಾ ಕೊಂಕಣಿ ಆಡುವ ಮಗುವಿಗೆ ವಿಷಯ ಗೊತ್ತಿದ್ದೂ ಪುಸ್ತಕದ ಕನ್ನಡ ಒದಗದೇ ಇರಬಹುದು. ಅದು ಚಿತ್ರ ಬಿಡಿಸಿ ತೋರಿಸಲಿ, ತುಳುವಿನಲ್ಲೇ ವಿವರಿಸಲಿ. ಆಮೇಲೆ ಕನ್ನಡದಲ್ಲಿ ಬರೆಸಬಹುದು. ಇಲ್ಲವಾದರೆ ನಾವು ಅಳೆಯುವುದು ಗಣಿತವನ್ನಲ್ಲ, ಭಾಷೆಯನ್ನು.

ಕೆಲವು ವಾರ ಬಿಟ್ಟು, ಮುನ್ಸೂಚನೆ ಕೊಡದೆ, ಅದೇ ವಿಷಯವನ್ನು ಬೇರೆ ರೀತಿಯಲ್ಲಿ ಮತ್ತೆ ಕೇಳುವುದೂ ಮುಖ್ಯ. ಪಾಠ ಮುಗಿದ ದಿನದ ಸರಿಯುತ್ತರವನ್ನು ನಾನು ಪೂರ್ತಿ ನಂಬುವುದಿಲ್ಲ.