ಪ್ರತಿಕ್ರಿಯೆ: ಡೆಲಿವರಿ ಐಡಿ ಬ್ಲಾಕ್, ಚಾಟ್‌ನಲ್ಲಿ ಬರೀ ಬಾಟ್ ಉತ್ತರ

ನಿಮ್ಮ ಡೆಲಿವರಿ ಐಡಿ ಬ್ಲಾಕ್ ಆಗಿದೆ, ಚಾಟ್‌ನಲ್ಲಿ ಮನುಷ್ಯರ ಬದಲು ಬಾಟ್ (ತಾನಾಗೇ ಉತ್ತರಿಸುವ ಪ್ರೋಗ್ರಾಂ) ಮಾತ್ರ ಸಿಗ್ತಿದೆ ಅಂತ ಬರೆದಿದ್ದೀರಿ. ಸೆಲ್ಫಿಯಲ್ಲಿನ ಮುಖ ಕಂಪನಿ ಬಳಿ ಇರುವ ಹಳೆಯ ಫೋಟೋಗೆ ಹೊಂದಲಿಲ್ಲ ಅಂತ ಸಿಸ್ಟಮ್ಮೇ ನಿಮ್ಮ ಐಡಿ ಬ್ಲಾಕ್ ಮಾಡಿರಬೇಕು. ಬೆಳಗ್ಗೆ ಲಾಗಿನ್ ಸೆಲ್ಫಿ ಕೊಟ್ಟ ಕೂಡಲೇ ಆಯ್ತು ಅಂದಿದ್ದೀರಲ್ಲ, ಅದಕ್ಕೇ ಹೇಳ್ತಿದ್ದೇನೆ. ಗಡ್ಡ ಬಿಟ್ಟಿದ್ದರೆ, ತಲೆ ಬೋಳಿಸಿದ್ದರೆ, ಹೆಲ್ಮೆಟ್ ತೆಗೆಯದೆ ಮಬ್ಬು ಬೆಳಕಲ್ಲಿ ಫೋಟೋ ಹಿಡಿದಿದ್ದರೆ ಹೀಗಾಗುತ್ತದೆ. ನಾನು ನೋಡಿದ ಕೇಸುಗಳಲ್ಲಿ ಜಾಸ್ತಿ ಇದೇ ಕಾರಣ. ಜಿಪಿಎಸ್ ನೀವಿದ್ದ ಜಾಗ ತಪ್ಪಾಗಿ ತೋರಿಸಿದ ಗೊಂದಲವೂ ಇರಬಹುದು.

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ: ಬ್ಲಾಕ್ ಮೆಸೇಜು, ಪೂರ್ತಿ ಚಾಟು, ಬಾಕಿ ಹಣ. ಲಾಗೌಟ್ ಆದರೆ ಇದ್ಯಾವುದೂ ಸಿಗದೇ ಹೋಗಬಹುದು. ಬೇರೆ ನಂಬರಿನಲ್ಲಿ ಹೊಸ ಐಡಿ ಮಾತ್ರ ಮಾಡಬೇಡಿ, ಅದನ್ನೇ ಮೋಸ ಅಂತಾರೆ.

ಆಮೇಲೆ ಬಾಟ್ ಜೊತೆ ಸುಮ್ನೆ ಗುದ್ದಾಡೋದು ಬಿಟ್ಟು, ಆ್ಯಪ್‌ನಲ್ಲಿರುವ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಿ. ಹೀಗೆ ಬರೆಯಿರಿ: "ನನ್ನ ಐಡಿ ತಡೆದ ಕಾರಣ ಲಿಖಿತವಾಗಿ ಕೊಡಿ. ತೀರ್ಮಾನ ಯಂತ್ರದ್ದೋ ಮನುಷ್ಯರದ್ದೋ ತಿಳಿಸಿ. ಸೆಲ್ಫಿ, ಹಳೆಯ ಫೋಟೋ ಎರಡನ್ನೂ ಒಬ್ಬ ಸಿಬ್ಬಂದಿ ಕಣ್ಣಾರೆ ನೋಡಲಿ." ಈಗಿನ ಫೋಟೋ, ಡ್ರೈವಿಂಗ್ ಲೈಸೆನ್ಸ್ ಲಗತ್ತಿಸಿ.

ಇದು ಬೇಡಿಕೊಳ್ಳುವ ವಿಷಯ ಅಲ್ಲ, ನಿಮ್ಮ ಹಕ್ಕು. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಕೆಲಸ ಮಾಡುವವರ) ಕಾಯ್ದೆ ಪ್ರಕಾರ ಕೆಲಸದಿಂದ ತೆಗೆಯೋಕೆ ಲಿಖಿತ ಕಾರಣ, 14 ದಿನ ಮುಂಚಿನ ನೋಟಿಸ್ ಬೇಕು. ಯಾರಿಗಾದರೂ ದೈಹಿಕ ಹಾನಿಯಾದ ಪ್ರಕರಣಗಳಿಗೆ ವಿನಾಯಿತಿ ಇದೆ. ಮಾತಾಡೋಕೆ ಒಬ್ಬ ಮನುಷ್ಯ ಸಿಗಬೇಕು ಅಂತಲೂ ಇದೆ. ಕಂಪನಿಯವರು "ಇದು ಬರೀ ತಾತ್ಕಾಲಿಕ ತಡೆ" ಅಂತ ವಾದಿಸಬಹುದು. ಹಾಗಂದರೆ ಎಲ್ಲಿವರೆಗೆ ಅಂತ ಬರೆದು ಕೊಡೋಕೆ ಹೇಳಿ.

ಉತ್ತರ ಬರದಿದ್ದರೆ ಅದೇ ಇಮೇಲಿನ ಪ್ರಿಂಟ್ ಹಿಡಿದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನಕ್ಕೆ ಹೋಗಿ ಲಿಖಿತ ದೂರು ಕೊಡಿ. ಸ್ವೀಕೃತಿ ಸೀಲ್ ಹಾಕಿಸಿಕೊಂಡೇ ಬನ್ನಿ.